ತಟ್ಟೆ ಮತ್ತು ತಾಲೀಮು

(ಸಂಘದ ವಾರ್ಷಿಕ ಸಭೆಯಲ್ಲಿ ಕರಾಟೆ ಕಲಿಯುತ್ತಿರುವ ವಿದ್ಯಾರ್ಥಿ-ವಿದ್ಯಾರ್ಥಿನಿಯರು ಹಾಗೂ ಪೋಷಕರನ್ನು ಉದ್ದೇಶಿಸಿ ಕುಂದೂರಿನಲ್ಲಿ ಮಾಡಿದ ಭಾಷಣದ ಬರಹ ರೂಪ)





ನಾನು ಭಾಷಣಕಾರನಲ್ಲ. ಮಕ್ಕಳಿಗೆ ಒದೆಯುವುದನ್ನೂ ತಡೆಯುವುದನ್ನೂ ಕಲಿಸಿಕೊಂಡು ಬಂದವನು. ಆದರೆ ಕಳೆದ ತಿಂಗಳು ತರಗತಿ ಮುಗಿದ ಮೇಲೆ ಒಬ್ಬ ತಾಯಿ ಬಾಗಿಲಲ್ಲಿ ನಿಂತು ಒಂದು ಪ್ರಶ್ನೆ ಕೇಳಿದರು. "ಮಾಸ್ಟ್ರೇ, ಮಗ ಮೂರು ಸಾವಿರ ರೂಪಾಯಿಯ ಪೌಡರ್ ಡಬ್ಬಿ ಬೇಕು ಅಂತ ಹಟ ಹಿಡಿದಿದ್ದಾನೆ. ಅದಿಲ್ಲದಿದ್ದರೆ ಕರಾಟೆ ಬರುವುದಿಲ್ಲವಂತೆ. ತೋಟದ ಕೂಲಿಯಲ್ಲಿ ಎಲ್ಲಿಂದ ತರಲಿ? ನಮ್ಮ ಮನೆ ಊಟ ಸಾಲುವುದಿಲ್ಲವೇ?" ಅಂದರು. ನಿಂತ ಕಾಲಲ್ಲಿ ಹೇಳಿ ಮುಗಿಸುವ ಉತ್ತರ ಅದಲ್ಲ. ಅಧ್ಯಕ್ಷರು ವಾರ್ಷಿಕ ಸಭೆಯಲ್ಲಿ ಮಾತನಾಡಿ ಎಂದಾಗ ಆ ತಾಯಿಯ ಪ್ರಶ್ನೆಗೇ ಉತ್ತರ ಹೇಳುತ್ತೇನೆ ಎಂದು ಒಪ್ಪಿಕೊಂಡೆ.

ಮೊದಲು ನನ್ನದೊಂದು ತಪ್ಪನ್ನು ಹೇಳಿಕೊಳ್ಳಬೇಕು. ಹೇಳಿಕೊಳ್ಳದೆ ನಿಮಗೆ ಬುದ್ಧಿ ಹೇಳುವ ಹಕ್ಕು ನನಗಿಲ್ಲ.

ಸುಮಾರು ಹದಿನೈದು ವರ್ಷಗಳ ಹಿಂದಿನ ಮಾತು. ನನ್ನಲ್ಲಿ ಕಲಿಯುತ್ತಿದ್ದ ಹದಿನಾಲ್ಕು ವರ್ಷದ ಒಬ್ಬ ಹುಡುಗ ಒಳ್ಳೆಯ ವೇಗದವನಾಗಿದ್ದ. ಹಾಸನದಲ್ಲಿ ಒಂದು ಪಂದ್ಯಾವಳಿ ಇತ್ತು. 45 ಕಿಲೋ ವಿಭಾಗದಲ್ಲಿ ಆಡಿದರೆ ಪದಕ ಖಂಡಿತ ಎಂದು ನನಗನ್ನಿಸಿತು. ಅವನ ತೂಕ 47 ಕಿಲೋ. ಹಿಂದಿನ ದಿನ ಮಧ್ಯಾಹ್ನದಿಂದ ಅವನಿಗೆ ಊಟವನ್ನೂ ನೀರನ್ನೂ ಬಿಡಿಸಿದೆ. ಸ್ವೆಟರಿನ ಮೇಲೆ ಮಳೆಕೋಟು ಹಾಕಿಸಿ ಹಗ್ಗ ಜಿಗಿಸಿದೆ. ಬೆಳಿಗ್ಗೆ ತೂಕ ಸರಿಯಾಯಿತು, ನಾನು ಬೆನ್ನು ತಟ್ಟಿದೆ. ಮೊದಲ ಸುತ್ತಿನಲ್ಲೇ ಅವನ ಕಾಲಿನ ಸ್ನಾಯು ಹಿಡಿದುಕೊಂಡಿತು, ಕಣ್ಣು ಮೇಲಾಯಿತು, ಹುಡುಗ ಕುಸಿದು ಬಿದ್ದ. ಆಸ್ಪತ್ರೆಗೆ ಸೇರಿಸಿ ಗ್ಲೂಕೋಸ್ ಹಾಕಿಸಬೇಕಾಯಿತು. ಅಲ್ಲಾಹನ ದಯೆ, ಹುಡುಗ ಉಳಿದ. ಸಂಜೆ ಬಂದ ಅವನ ತಾಯಿ ನನ್ನನ್ನು ಬೈಯಲಿಲ್ಲ. "ಊಟ ಕೊಡಬೇಡ ಅಂದಿದ್ದು ನೀವೇನಾ?" ಎಂದು ಮಾತ್ರ ಕೇಳಿದರು. ಅವನು ಮತ್ತೆ ತರಗತಿಗೆ ಬರಲಿಲ್ಲ.

ಆ ದಿನದಿಂದ ನಾನು ಊಟದ ವಿಷಯವನ್ನು ಓದಲು, ತಿಳಿದವರನ್ನು ಕೇಳಲು ಶುರುಮಾಡಿದೆ. ಹಾಗೆ ತಿಳಿದುಕೊಂಡದ್ದನ್ನು ನಮ್ಮ ಊರಿನ ತಟ್ಟೆಗೆ, ನಮ್ಮ ಊರಿನ ದಿನಚರಿಗೆ ಹೊಂದಿಸಿ ಇಂದು ನಿಮ್ಮ ಮುಂದೆ ಇಡುತ್ತಿದ್ದೇನೆ.

ತಾಲೀಮು ಎಂದರೇನು?

ನಾವು ದಿನವೂ ಬಳಸುವ 'ತಾಲೀಮು' ಎಂಬ ಪದ ಅರಬಿಯ 'ತಅಲೀಮ್'ನಿಂದ ಬಂದದ್ದು. ಅದರ ಮೂಲ ಅರ್ಥ ಶಿಕ್ಷಣ. ಉತ್ತರ ಕರ್ನಾಟಕದಲ್ಲಿ ಗರಡಿಮನೆಯನ್ನು ತಾಲೀಮುಖಾನೆ ಎನ್ನುತ್ತಾರೆ. ಅಂದರೆ ದೇಹವನ್ನು ಪಳಗಿಸುವ ಜಾಗವನ್ನೂ ನಮ್ಮ ಹಿರಿಯರು ಪಾಠಶಾಲೆ ಎಂದೇ ತಿಳಿದಿದ್ದರು. ಶಿಕ್ಷಣ ಸಂಘವೊಂದು ಕರಾಟೆ ತರಗತಿ ಏಕೆ ನಡೆಸಬೇಕು ಎಂದು ಕೇಳುವವರಿಗೆ ಆ ಒಂದು ಪದವೇ ಉತ್ತರ.

ಕರಾಟೆ ಜಪಾನಿನ ಒಕಿನಾವಾ ದ್ವೀಪದ ವಿದ್ಯೆ. ಗಿಚಿನ್ ಫುನಾಕೋಶಿ ಎಂಬ ಶಾಲಾ ಮಾಸ್ತರರು 1922ರಲ್ಲಿ ಅದನ್ನು ಟೋಕಿಯೋದಲ್ಲಿ ಪ್ರದರ್ಶಿಸಿದ ಮೇಲೆ ಹೊರಜಗತ್ತಿಗೆ ಹರಡಿತು. ನಮ್ಮ ನಾಡಿನಲ್ಲೂ ಇಂಥ ವಿದ್ಯೆಗೆ ಬರವಿರಲಿಲ್ಲ. ಮೈಸೂರಿನ ಗರಡಿಗಳು, ದಸರಾ ಕುಸ್ತಿ, ವಿಜಯದಶಮಿಯಂದು ಅರಮನೆಯ ಅಂಗಳದಲ್ಲಿ ಜಟ್ಟಿಗಳು ಆಡುವ ವಜ್ರಮುಷ್ಟಿ ಕಾಳಗ ನಿಮಗೆ ಗೊತ್ತಿರುವುದೇ. ಆ ಗರಡಿಗಳಲ್ಲಿ ಉಸ್ತಾದರು ಶಿಷ್ಯನಿಗೆ ಪಟ್ಟುಗಳನ್ನು ಕಲಿಸುವುದರ ಜೊತೆಗೆ ಅವನ ಊಟ, ನಿದ್ರೆ, ನಡತೆಗಳನ್ನೂ ನೋಡಿಕೊಳ್ಳುತ್ತಿದ್ದರು. ನಾವು ಒದೆತವನ್ನು ಕಲಿತೆವು, ಊಟದ ಪಾಠವನ್ನು ಬಿಟ್ಟೆವು.

ಪೈಲ್ವಾನರ ಊಟವೆಂದರೆ ಬಕೆಟ್ಟುಗಟ್ಟಲೆ ಹಾಲು, ಸೇರುಗಟ್ಟಲೆ ಬಾದಾಮಿ, ಹತ್ತಾರು ಕೋಳಿ ಎಂಬ ಕಥೆಗಳನ್ನು ಕೇಳಿರುತ್ತೀರಿ. 1910ರಲ್ಲಿ ಲಂಡನ್ನಿನಲ್ಲಿ ಜಬಿಸ್ಕೋನನ್ನು ಎದುರಿಸಿ, 1928ರಲ್ಲಿ ಪಟಿಯಾಲಾದಲ್ಲಿ ಅದೇ ಜಬಿಸ್ಕೋನನ್ನು ಒಂದು ನಿಮಿಷವೂ ಬಿಡದೆ ಕೆಡವಿದ ಗಾಮಾ ಪೈಲ್ವಾನರ ಬಗ್ಗೆಯೂ ಇಂಥ ಕಥೆಗಳಿವೆ. ಕಥೆ ಎಷ್ಟು ನಿಜವೋ ಇರಲಿ, ಒಂದು ಮಾತು ನೆನಪಿಡಿ. ದಿನಕ್ಕೆ ಸಾವಿರಾರು ಬಸ್ಕಿ, ಸಾಮು ತೆಗೆದು ಮಣ್ಣಿನಲ್ಲಿ ಗಂಟೆಗಟ್ಟಲೆ ಹೊರಳಾಡುವವನ ಊಟ ಅದು. ವಾರಕ್ಕೆ ಮೂರು ದಿನ ಒಂದೊಂದು ಗಂಟೆ ಅಭ್ಯಾಸ ಮಾಡುವ ಹುಡುಗ ಹಾಗೆ ತಿಂದರೆ ಹೊಟ್ಟೆ ಬರುತ್ತದೆಯೇ ಹೊರತು ಪೈಲ್ವಾನಿಕೆ ಬರುವುದಿಲ್ಲ. ಮಾಡುವ ಕೆಲಸಕ್ಕೆ ತಕ್ಕ ಊಟ, ತಿಂದ ಊಟಕ್ಕೆ ತಕ್ಕ ಕೆಲಸ. ಸಮತೋಲನ ಎಂದರೆ ಇಷ್ಟೇ.

ಪ್ರವಾದಿ ಮುಹಮ್ಮದ್(ಸ)ರವರು ಹೊಟ್ಟೆಯ ಒಂದು ಭಾಗವನ್ನು ಆಹಾರಕ್ಕೆ, ಒಂದು ಭಾಗವನ್ನು ನೀರಿಗೆ, ಒಂದು ಭಾಗವನ್ನು ಉಸಿರಾಟಕ್ಕೆ ಬಿಡುವಂತೆ ಕಲಿಸಿದ್ದಾರೆ. ಹೊಟ್ಟೆ ಬಿರಿಯೆ ಉಂಡು ಅಭ್ಯಾಸಕ್ಕೆ ಬಂದವನು ಮೊದಲ ಹತ್ತು ನಿಮಿಷದಲ್ಲೇ ಏದುಸಿರು ಬಿಡುವುದನ್ನು ನಾನು ನೋಡಿದ್ದೇನೆ. ಉಸಿರಿಗೆ ಜಾಗ ಬಿಡಬೇಕೆಂಬ ಆ ಮಾತಿನ ಬೆಲೆ ಕರಾಟೆ ಕಲಿಯುವವನಿಗೆ ಬೇಗ ತಿಳಿಯುತ್ತದೆ.

ನಮ್ಮ ತಟ್ಟೆಯಲ್ಲಿ ಏನಿದೆ?

ಈಗ ತಾಯಂದಿರ ಪ್ರಶ್ನೆಗೆ ಬರೋಣ. ಕರಾಟೆಯ ಪಂದ್ಯ ಎರಡು ಮೂರು ನಿಮಿಷದ್ದು. ಅದರಲ್ಲಿ ಮಿಂಚಿನಂತೆ ನುಗ್ಗುವುದು, ತಕ್ಷಣ ಹಿಂದೆ ಸರಿಯುವುದು, ಮತ್ತೆ ನುಗ್ಗುವುದು. ಇದಕ್ಕೆ ಬೇಕಾದ ಇಂಧನ ಮುಖ್ಯವಾಗಿ ಪಿಷ್ಟದಿಂದ, ಅಂದರೆ ಅಕ್ಕಿ, ರಾಗಿ, ಗೋಧಿ, ಗೆಣಸು, ಬಾಳೆಹಣ್ಣುಗಳಿಂದ ಬರುತ್ತದೆ. ಅಭ್ಯಾಸದಲ್ಲಿ ಸವೆದ ಸ್ನಾಯುವನ್ನು ರಿಪೇರಿ ಮಾಡಲು ಪ್ರೋಟೀನ್ ಬೇಕು. ಮೂಳೆಗೆ ಸುಣ್ಣದ ಅಂಶ ಬೇಕು. ರಕ್ತ ಆಮ್ಲಜನಕವನ್ನು ಹೊರಲು ಕಬ್ಬಿಣದ ಅಂಶ ಬೇಕು. ಈ ನಾಲ್ಕೂ ನಮ್ಮ ಕುಂದೂರಿನ ಸಂತೆ, ಹಿತ್ತಲುಗಳಲ್ಲೇ ಸಿಗುತ್ತವೆ.

ಪ್ರೋಟೀನಿನ ಲೆಕ್ಕ ಹೇಳುತ್ತೇನೆ, ಏಕೆಂದರೆ ಪೌಡರ್ ಡಬ್ಬಿಯ ಗಲಾಟೆಯೆಲ್ಲ ಅದರದ್ದೇ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2020ರಲ್ಲಿ ಹೇಳಿದಂತೆ ಸಾಮಾನ್ಯ ವಯಸ್ಕನಿಗೆ ದೇಹ ತೂಕದ ಪ್ರತಿ ಕಿಲೋಗೆ ದಿನಕ್ಕೆ 0.83 ಗ್ರಾಂ ಪ್ರೋಟೀನ್ ಸಾಕು. ಬೆಳೆಯುವ ವಯಸ್ಸು, ಜೊತೆಗೆ ವ್ಯಾಯಾಮ ಎಂದು ಧಾರಾಳವಾಗಿ 1.2 ಗ್ರಾಂ ಎಂದು ಇಟ್ಟುಕೊಳ್ಳೋಣ. 50 ಕಿಲೋ ತೂಕದ ಹುಡುಗನಿಗೆ ದಿನಕ್ಕೆ 60 ಗ್ರಾಂ ಆಯಿತು.

ಇದನ್ನು ಮನೆ ಊಟದಲ್ಲಿ ಕೂಡಿಸಿ ನೋಡಿ. ಬೆಳಿಗ್ಗೆ 150 ಗ್ರಾಂ ಹಿಟ್ಟಿನ ಅಕ್ಕಿರೊಟ್ಟಿಯಿಂದ 10 ಗ್ರಾಂ, ಒಂದು ಮೊಟ್ಟೆಯಿಂದ 6 ಗ್ರಾಂ. ಒಂದು ಸಣ್ಣ ಲೋಟ ಹಾಲಿನಿಂದ 5 ಗ್ರಾಂ. ಮಧ್ಯಾಹ್ನ 150 ಗ್ರಾಂ ಅಕ್ಕಿಯ ಅನ್ನದಿಂದ 10 ಗ್ರಾಂ, ಅದರ ಜೊತೆ 30 ಗ್ರಾಂ ಹುರುಳಿಕಾಳಿನ ಸಾರಿನಿಂದ 6 ಗ್ರಾಂಗೂ ಮೇಲೆ. ಸಂಜೆ ಒಂದು ಹಿಡಿ, ಅಂದರೆ 30 ಗ್ರಾಂ ಕಡಲೆಕಾಯಿ ಬೀಜದಿಂದ 7 ಗ್ರಾಂ. ರಾತ್ರಿ 100 ಗ್ರಾಂ ಹಿಟ್ಟಿನ ರಾಗಿ ಮುದ್ದೆಯಿಂದ 7 ಗ್ರಾಂ, 30 ಗ್ರಾಂ ಬೇಳೆಯಿಂದ 6 ಗ್ರಾಂ. ಹತ್ತಿರ ಹತ್ತಿರ 58 ಗ್ರಾಂ ಬಂತು! ಇನ್ನೂ ನಾವು ಮಾಂಸವನ್ನು ಮುಟ್ಟೇ ಇಲ್ಲ. ಶಿರಾಡಿ ಘಾಟಿ ಹತ್ತಿ ಬರುವ ಬೂತಾಯಿ, ಬಂಗುಡೆಯನ್ನು ವಾರಕ್ಕೆರಡು ದಿನ ಮಾಡಿದರೆ, ಶುಕ್ರವಾರ ಕೋಳಿಯೋ ಮಾಂಸವೋ ಆದರೆ ಲೆಕ್ಕ 60ನ್ನು ದಾಟಿಯೇ ಹೋಗುತ್ತದೆ.

ಇದರಲ್ಲಿ ಒಂದು ಗುಟ್ಟಿದೆ. ಅಕ್ಕಿಯಲ್ಲಿ ಕೊರತೆಯಿರುವ ಒಂದು ಅಂಶ ಬೇಳೆಕಾಳಿನಲ್ಲಿ ಹೇರಳವಾಗಿದೆ. ಕಾಳಿನಲ್ಲಿ ಕೊರತೆಯಿರುವುದು ಅಕ್ಕಿಯಲ್ಲಿದೆ. ಎರಡನ್ನೂ ಸೇರಿಸಿ ತಿಂದಾಗ ಒಳ್ಳೆಯ ಪ್ರೋಟೀನ್ ಆಗುತ್ತದೆ. ಅನ್ನದ ರಾಶಿಯ ಮೇಲೆ ಒಂದು ಚಮಚ ತಿಳಿಸಾರು ಹಾಕಿದರೆ ಈ ಲಾಭವಿಲ್ಲ. ಸಾರಿನಲ್ಲಿ ಕಾಳು ಕೈಗೆ ಸಿಗಬೇಕು. ನಮ್ಮ ಮನೆಗಳ ನಿಜವಾದ ಕೊರತೆ ಇಲ್ಲಿದೆ. ಅನ್ನ ಜಾಸ್ತಿ, ಕಾಳು ಕಡಿಮೆ, ಸೊಪ್ಪು ಇನ್ನೂ ಕಡಿಮೆ.

ಪೌಡರ್ ವಿಚಾರಕ್ಕೆ ಬಂದರೆ, ಒಂದು ಅಳತೆ ಪೌಡರಿನಲ್ಲಿ ಸಾಮಾನ್ಯವಾಗಿ 20ರಿಂದ 25 ಗ್ರಾಂ ಪ್ರೋಟೀನ್ ಇರುತ್ತದೆ. ನಾಲ್ಕು ಮೊಟ್ಟೆಯಲ್ಲೂ ಅಷ್ಟೇ ಇದೆ. ಕಿಲೋಗೆ ಮೂರು ಸಾವಿರದ ಡಬ್ಬಿಯಲ್ಲಿ ಒಂದು ಅಳತೆಗೆ ತೊಂಬತ್ತು ನೂರು ರೂಪಾಯಿ ಬೀಳುತ್ತದೆ. ಮೊಟ್ಟೆಗೆ ಅದರ ಮೂರನೇ ಒಂದು ಭಾಗ ಸಾಕು. ಅಂಗಡಿಯವನು ಹೇಳಿದ ಡಬ್ಬಿಯಲ್ಲಿ ಏನೇನು ಬೆರೆತಿದೆ ಎಂಬುದನ್ನು ನೀವು ಪರೀಕ್ಷಿಸಲಾರಿರಿ. ಮುಂದೆ ರಾಜ್ಯ, ರಾಷ್ಟ್ರ ಮಟ್ಟಕ್ಕೆ ಹೋದಾಗ ಮದ್ದು ಪರೀಕ್ಷೆಯಲ್ಲಿ ಸಿಕ್ಕಿಬಿದ್ದರೆ "ನನಗೆ ಗೊತ್ತಿರಲಿಲ್ಲ" ಎಂಬ ಮಾತು ನಡೆಯುವುದಿಲ್ಲ. ಅಮ್ಮನಿಗೆ ಸಾಲ ಮಾಡಿಸಿ ಬಲಶಾಲಿಯಾಗುವುದು ಯಾವ ಬಲ?

ರಾಗಿಯನ್ನು ಮರೆಯಬೇಡಿ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಸುಣ್ಣದ ಅಂಶವಿದೆ. ಅಷ್ಟೇ ಅಕ್ಕಿಯಲ್ಲಿ 10 ಮಿಲಿಗ್ರಾಂ ಆಸುಪಾಸು. ನಾವು ಮಲೆನಾಡಿನವರು, ನಮಗೆ ರೊಟ್ಟಿ ಕಡುಬು, ಮುದ್ದೆ ಬಯಲುಸೀಮೆಯವರದ್ದು ಎಂಬ ಹೆಮ್ಮೆ ಕೆಲವರಿಗಿದೆ. ಆ ಹೆಮ್ಮೆಯಿಂದ ಮೂಳೆ ಗಟ್ಟಿಯಾಗುವುದಿಲ್ಲ. ವಾರಕ್ಕೆ ನಾಲ್ಕು ದಿನವಾದರೂ ಮುದ್ದೆಯೋ, ರಾಗಿ ಅಂಬಲಿಯೋ, ರಾಗಿ ರೊಟ್ಟಿಯೋ ಆಗಲಿ. ಹಿತ್ತಲಿನ ನುಗ್ಗೆಸೊಪ್ಪು, ಬಸಳೆ, ಹಲಸಿನ ಬೀಜ, ಮಳೆಗಾಲದ ಕೆಸುವಿನೆಲೆ ಎಲ್ಲವೂ ತಟ್ಟೆಗೆ ಬರಲಿ. ಬೇಕರಿಯ ಪಫ್ಸು ಮತ್ತು ತಂಪುಪಾನೀಯದ ಬಗ್ಗೆ ಒಂದೇ ಮಾತು. 300 ಮಿಲಿಯ ಒಂದು ಬಾಟಲಿಯಲ್ಲಿ 30 ಗ್ರಾಂಗೂ ಹೆಚ್ಚು ಸಕ್ಕರೆ ಇರುತ್ತದೆ. ಮನೆಯಲ್ಲಿ ಯಾರಾದರೂ ಚಹಾಕ್ಕೆ ಏಳು ಚಮಚ ಸಕ್ಕರೆ ಹಾಕಿಕೊಂಡರೆ ನೀವು ಸುಮ್ಮನಿರುತ್ತೀರಾ?

ಹೆಣ್ಣುಮಕ್ಕಳ ತಟ್ಟೆ

ನಮ್ಮ ತರಗತಿಯಲ್ಲಿ ಹೆಣ್ಣುಮಕ್ಕಳು ಸೇರುತ್ತಿರುವುದು ನನಗೆ ಬಹಳ ಸಂತೋಷ. ನೆರೆಯ ತೆಲಂಗಾಣದ ನಿಜಾಮಾಬಾದಿನ ನಿಖತ್ ಝರೀನ್ 2022ರಲ್ಲಿ ಇಸ್ತಾಂಬುಲ್‌ನಲ್ಲಿ, 2023ರಲ್ಲಿ ದೆಹಲಿಯಲ್ಲಿ ಬಾಕ್ಸಿಂಗ್ ವಿಶ್ವ ಚಾಂಪಿಯನ್ ಆದರು. ಮಗಳನ್ನು ಮೈದಾನಕ್ಕೆ ಕರೆದುಕೊಂಡು ಹೋದವರು ಅವರ ತಂದೆ. ಇಲ್ಲಿ ಕುಳಿತಿರುವ ತಂದೆಯಂದಿರು ಇದನ್ನು ಗಮನಿಸಬೇಕು.

ಆದರೆ ನನ್ನ ತರಗತಿಯಲ್ಲಿ ತಲೆ ಸುತ್ತಿ ಕುಳಿತುಕೊಳ್ಳುವವರಲ್ಲಿ ಹುಡುಗಿಯರೇ ಹೆಚ್ಚು. "ಸೋಮಾರಿತನ" ಎಂದು ಬಹಳ ದಿನ ನಾನೂ ಗದರಿಸುತ್ತಿದ್ದೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದಲ್ಲಿ 15ರಿಂದ 19 ವರ್ಷದ ಹುಡುಗಿಯರಲ್ಲಿ ಶೇಕಡಾ 59 ಮಂದಿಗೆ ರಕ್ತಹೀನತೆ ಇದೆ. ಹತ್ತರಲ್ಲಿ ಆರು ಮಂದಿ! ರಕ್ತದಲ್ಲಿ ಕಬ್ಬಿಣವಿಲ್ಲದ ಮಗುವನ್ನು ಇನ್ನೂ ಇಪ್ಪತ್ತು ಬಸ್ಕಿ ತೆಗೆ ಎನ್ನುವುದು ಎಣ್ಣೆಯಿಲ್ಲದ ಗಾಡಿಯನ್ನು ಓಡಿಸಿದಂತೆ.

ಇದಕ್ಕೆ ಕಾರಣ ನಮ್ಮ ಮನೆಗಳಲ್ಲೂ ಇದೆ. ಮೊದಲು ಗಂಡಸರು, ಆಮೇಲೆ ಗಂಡುಮಕ್ಕಳು, ಕೊನೆಗೆ ತಾಯಿ ಮತ್ತು ಹೆಣ್ಣುಮಕ್ಕಳು ಉಣ್ಣುವ ರೂಢಿ ಇನ್ನೂ ಇದೆ. ಆ ಹೊತ್ತಿಗೆ ಪಾತ್ರೆಯ ತಳದಲ್ಲಿ ಉಳಿಯುವುದು ತಿಳಿಸಾರು ಮಾತ್ರ. ಒಂದೇ ದಸ್ತರ್‌ಖಾನಿನ ಸುತ್ತ ಒಟ್ಟಿಗೆ ಕುಳಿತು ಉಣ್ಣುವುದರಲ್ಲಿ ಬರಕತ್ ಇದೆ ಎಂದು ನಾವೇ ಹೇಳುತ್ತೇವೆ. ಹಾಗಾದರೆ ಮಗಳ ತಟ್ಟೆಗೂ ಮೊಟ್ಟೆ ಬೀಳಲಿ.

ಇನ್ನೊಂದು ಕಾರಣ ನಮ್ಮ ಕಾಫಿ, ಚಹಾ. ಕಾಫಿ ಬೆಳೆಯುವ ಸೀಮೆಯಲ್ಲಿ ನಿಂತು ಕಾಫಿಯನ್ನು ಬೈಯುವ ಧೈರ್ಯ ನನಗಿಲ್ಲ. ಆದರೆ ಊಟದ ಜೊತೆಗೋ ಊಟ ಮುಗಿದ ತಕ್ಷಣವೋ ಕುಡಿದರೆ ಊಟದಲ್ಲಿರುವ ಕಬ್ಬಿಣವನ್ನು ದೇಹ ಹೀರಿಕೊಳ್ಳದಂತೆ ಅದು ತಡೆಯುತ್ತದೆ. ಒಂದು ಗಂಟೆ ಬಿಟ್ಟು ಕುಡಿಯಿರಿ. ಸೊಪ್ಪು, ಕಾಳಿನ ಊಟಕ್ಕೆ ಅರ್ಧ ಹೋಳು ನಿಂಬೆಹಣ್ಣು ಹಿಂಡಿಕೊಳ್ಳಿ. ಅದು ಕಬ್ಬಿಣ ಹೀರಿಕೊಳ್ಳಲು ಸಹಾಯ ಮಾಡುತ್ತದೆ. ಶಾಲೆಯಲ್ಲಿ ವಾರಕ್ಕೊಮ್ಮೆ ಕೊಡುವ ಕಬ್ಬಿಣದ ಮಾತ್ರೆಯನ್ನು, ಫೆಬ್ರವರಿ ಮತ್ತು ಆಗಸ್ಟ್ ತಿಂಗಳಲ್ಲಿ ಕೊಡುವ ಜಂತುಹುಳುವಿನ ಮಾತ್ರೆಯನ್ನು ಕಿಟಕಿಯಿಂದ ಎಸೆಯಬೇಡಿ. ಎಸೆದವರು ಯಾರೆಂದು ನನಗೆ ಗೊತ್ತು, ಹೆಸರು ಹೇಳುವುದಿಲ್ಲ!

ಸರಕಾರಿ ಶಾಲೆಗಳಲ್ಲಿ 2013ರಿಂದ ಕ್ಷೀರಭಾಗ್ಯದ ಹಾಲು, ಈಚೆಗೆ ಬಿಸಿಯೂಟದ ಜೊತೆ ಮೊಟ್ಟೆ ಸಿಗುತ್ತಿದೆ. ಹಾಲಿನ ವಾಸನೆ ಸರಿಯಿಲ್ಲ ಎಂದು ಚೆಲ್ಲಿ, ಸಂಜೆ ಡಬ್ಬಿ ಪೌಡರ್ ಕೇಳುವುದು ನ್ಯಾಯವಲ್ಲ.

ಯಾವಾಗ ತಿನ್ನಬೇಕು?

ನಮ್ಮ ಹುಡುಗರ ದಿನಚರಿ ನೋಡಿ. ಫಜ್ರ್ ನಮಾಝ್ ಮುಗಿಸಿ ಒಂದು ಲೋಟ ಚಹಾ, ಎರಡು ಬಿಸ್ಕತ್ತು. ಮದ್ರಸ. ಅಲ್ಲಿಂದ ಓಡಿಬಂದು ಅರ್ಧ ರೊಟ್ಟಿ ತಿಂದು ಬಸ್ಸು. ಒಂದು ಗಂಟೆಗೆ ಶಾಲೆಯ ಊಟ. ಐದು ಗಂಟೆಗೆ ಕರಾಟೆ. ನಡುವೆ ನಾಲ್ಕು ಗಂಟೆ ಹೊಟ್ಟೆ ಖಾಲಿ. ಅಭ್ಯಾಸ ಮುಗಿಸಿ ಹೋದ ಮೇಲೆ ರಾತ್ರಿ ಒಂಬತ್ತೂವರೆಗೆ ಹೊಟ್ಟೆ ತುಂಬ ಅನ್ನ, ತಕ್ಷಣ ನಿದ್ರೆ.

ಇದನ್ನು ಸ್ವಲ್ಪ ತಿರುಗಿಸಿ. ಬೆಳಗಿನ ಊಟ ಗಟ್ಟಿಯಾಗಲಿ. ನಾಲ್ಕು ಗಂಟೆಗೆ ಒಂದು ಬಾಳೆಹಣ್ಣು, ಒಂದು ಹಿಡಿ ಕಡಲೆಬೀಜ, ಒಂದು ಚೂರು ಬೆಲ್ಲ. ಮಲೆನಾಡಿನಲ್ಲಿ ಬಾಳೆಹಣ್ಣಿಗೆ ಬರವೇ? ಭಾರಿ ಊಟ ಮಾಡಿದ್ದರೆ ಅಭ್ಯಾಸಕ್ಕೂ ಊಟಕ್ಕೂ ಎರಡೂವರೆ ಮೂರು ಗಂಟೆ ಅಂತರವಿರಲಿ. ಅಭ್ಯಾಸವಾದ ಮೇಲೆ ಒಂದೆರಡು ಗಂಟೆಯೊಳಗೆ ರಾತ್ರಿಯ ಊಟ ಮುಗಿಸಿ.

ನೀರನ್ನು ನಮ್ಮ ಚಳಿ ಮರೆಸುತ್ತದೆ. ಬಾಯಾರಿಕೆ ಆಗುವುದಿಲ್ಲವೆಂದು ಕುಡಿಯುವುದೇ ಇಲ್ಲ. ಮೈಯ ತೂಕದ ನೂರರಲ್ಲಿ ಎರಡು ಪಾಲು ನೀರು ಹೋದರೂ ವೇಗ, ಗಮನ ಎರಡೂ ಕುಗ್ಗುತ್ತವೆ. 50 ಕಿಲೋ ಹುಡುಗನಿಗೆ ಅದು ಒಂದೇ ಲೀಟರ್. ಮೂತ್ರ ತಿಳಿ ಹಳದಿಯಾಗಿದ್ದರೆ ನೀರು ಸಾಕು, ಗಾಢ ಹಳದಿಯಾಗಿದ್ದರೆ ಸಾಲದು. ಬೆವರು ಹೆಚ್ಚು ಬಂದ ದಿನ ನಿಂಬೆರಸ, ಉಪ್ಪು, ಸಕ್ಕರೆ ಹಾಕಿದ ನೀರು ಸಾಕು.

ವ್ಯಾಯಾಮ: ಆನೆ, ಮಳೆ ಮತ್ತು ಕಾಫಿ ಕೊಯ್ಲು

ಪೇಟೆಯ ಪುಸ್ತಕಗಳು ಬೆಳಿಗ್ಗೆ ಐದಕ್ಕೆ ಎದ್ದು ಐದು ಕಿಲೋಮೀಟರ್ ಓಡಿ ಎನ್ನುತ್ತವೆ. ನಮ್ಮ ಆಲೂರು, ಸಕಲೇಶಪುರ ಸೀಮೆಯಲ್ಲಿ ಆ ಹೊತ್ತಿಗೆ ರಸ್ತೆಯಲ್ಲಿ ಓಡುವುದು ಕಾಡಾನೆಗಳು. 2023ರ ಡಿಸೆಂಬರ್ 4ರಂದು ಯಸಳೂರು ಬಳಿ ಕಾಡಾನೆ ಸೆರೆ ಕಾರ್ಯಾಚರಣೆಯಲ್ಲಿ ದಸರಾ ಅಂಬಾರಿ ಹೊತ್ತಿದ್ದ ಅರ್ಜುನನೇ ಪ್ರಾಣ ಕಳೆದುಕೊಂಡ. ಅಂಥ ಆನೆಯೇ ಉಳಿಯದ ಜಾಗದಲ್ಲಿ ನಮ್ಮ ಹುಡುಗ ಕತ್ತಲಲ್ಲಿ ಇಯರ್‌ಫೋನ್ ಹಾಕಿಕೊಂಡು ಓಡುವುದು ಬೇಡ. ಬೆಳಕು ಹರಿದ ಮೇಲೆ, ಇಬ್ಬರು ಮೂವರು ಒಟ್ಟಿಗೆ, ಅರಣ್ಯ ಇಲಾಖೆಯ ಎಚ್ಚರಿಕೆ ಕೇಳಿಕೊಂಡು ಹೋಗಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ. ಆಗ ಮನೆಯ ಜಗುಲಿಯೇ ಗರಡಿ. ಹಗ್ಗ ಜಿಗಿತ, ಬಸ್ಕಿ, ಸಾಮು, ಒಂದೇ ಜಾಗದಲ್ಲಿ ಓಟ. ಇವಕ್ಕೆ ಆರಡಿ ಜಾಗ ಸಾಕು.

ವಿಶ್ವ ಆರೋಗ್ಯ ಸಂಸ್ಥೆ 5ರಿಂದ 17 ವರ್ಷದ ಮಕ್ಕಳಿಗೆ ದಿನಕ್ಕೆ ಸರಾಸರಿ 60 ನಿಮಿಷ, ದೊಡ್ಡವರಿಗೆ ವಾರಕ್ಕೆ 150ರಿಂದ 300 ನಿಮಿಷ ದೇಹ ಚಟುವಟಿಕೆ ಬೇಕೆನ್ನುತ್ತದೆ. ನಮ್ಮ ವಾರವನ್ನು ಹೀಗೆ ಹಂಚಿಕೊಳ್ಳಬಹುದು. ಮೂರು ದಿನ ಕರಾಟೆ ತರಗತಿ. ಎರಡು ದಿನ ಶಕ್ತಿಯ ವ್ಯಾಯಾಮ: ಬಸ್ಕಿ, ಸಾಮು, ಹೊಟ್ಟೆ ಬೆನ್ನಿನ ವ್ಯಾಯಾಮ, ಅರ್ಧ ಗಂಟೆ. ಒಂದು ದಿನ ಗುಡ್ಡ ಹತ್ತುವುದು ಅಥವಾ ವೇಗದ ನಡಿಗೆ. ಒಂದು ದಿನ ಪೂರ್ಣ ವಿಶ್ರಾಂತಿ. ಪ್ರತಿದಿನ ಆರಂಭದಲ್ಲಿ ಹತ್ತು ನಿಮಿಷ ಮೈ ಬಿಸಿ ಮಾಡಿಕೊಳ್ಳುವುದು, ಕೊನೆಯಲ್ಲಿ ಹತ್ತು ನಿಮಿಷ ಸ್ನಾಯು ಸಡಿಲಿಸುವುದು.

ಇಲ್ಲೊಂದು ವಿಷಯವನ್ನು ಯಾವ ಪುಸ್ತಕವೂ ಬರೆಯುವುದಿಲ್ಲ. ನವೆಂಬರ್‌ನಿಂದ ಮಾರ್ಚ್‌ವರೆಗೆ ಕಾಫಿ ಕೊಯ್ಲು. ನಮ್ಮ ಕಾಲೇಜು ಹುಡುಗರಲ್ಲಿ ಹಲವರು ರಜೆಯಲ್ಲಿ ತೋಟಕ್ಕೆ ಹೋಗಿ ಮೂಟೆ ಹೊರುತ್ತಾರೆ. ಅದೂ ವ್ಯಾಯಾಮವೇ. ದಿನವಿಡೀ ಇಳಿಜಾರಿನಲ್ಲಿ ಮೂಟೆ ಹೊತ್ತವನಿಗೆ ಸಂಜೆ ನೂರು ಬಸ್ಕಿ ಹೇಳುವ ಮಾಸ್ಟರು ಅವಿವೇಕಿ. ಅಂಥ ದಿನ ಕಟಾ ಅಭ್ಯಾಸ, ಉಸಿರಾಟ, ಸಡಿಲಿಕೆ ಸಾಕು. ಊಟ ಮಾತ್ರ ಒಂದು ಮುದ್ದೆ ಹೆಚ್ಚಾಗಲಿ. ಹಾಗೆಯೇ ಇಡೀ ದಿನ ಮೊಬೈಲ್ ಹಿಡಿದು ಕುಳಿತವನು ಕೊಯ್ಲಿನವನಷ್ಟೇ ಉಣ್ಣಬಾರದು.

ಸದಾ ಉಪವಾಸ, ರಾತ್ರಿಯಿಡೀ ನಮಾಝ್ ಮಾಡುತ್ತಿದ್ದ ತಮ್ಮ ಸಂಗಾತಿ ಅಬ್ದುಲ್ಲಾಹ್ ಬಿನ್ ಅಮ್ರ್(ರ)ರಿಗೆ ಪ್ರವಾದಿ(ಸ)ರವರು ಶರೀರಕ್ಕೂ ನಮ್ಮ ಮೇಲೆ ಹಕ್ಕಿದೆ ಎಂದು ನೆನಪಿಸಿದರು. ಆರಾಧನೆಯಲ್ಲೇ ಅತಿ ಸಲ್ಲದೆಂದ ಮೇಲೆ ಕಸರತ್ತಿನಲ್ಲಿ ಅತಿ ಸಲ್ಲುವುದೇ? ಬೆಳಿಗ್ಗೆ ಏಳುವಾಗಲೇ ದಣಿವು, ಹಸಿವಿಲ್ಲ, ನಿದ್ರೆ ಬಾರದು, ಸುಮ್ಮನೆ ಸಿಟ್ಟು ಬರುತ್ತದೆ ಎಂದಾದರೆ ಅಭ್ಯಾಸ ಹೆಚ್ಚಾಗಿದೆ ಅಥವಾ ಊಟ ಕಡಿಮೆಯಾಗಿದೆ ಎಂದರ್ಥ. ಹದಿಹರೆಯದವರಿಗೆ ಎಂಟರಿಂದ ಹತ್ತು ಗಂಟೆ ನಿದ್ರೆ ಬೇಕು. ರಾತ್ರಿ ಹನ್ನೆರಡರವರೆಗೆ ರೀಲ್ಸ್ ನೋಡಿ ಫಜ್ರ್‌ಗೆ ಏಳುವವನ ಲೆಕ್ಕ ನೀವೇ ಮಾಡಿ.

ರಮಝಾನಿನಲ್ಲಿ ಅಭ್ಯಾಸ

ರಮಝಾನ್ ಬಂದರೆ ತರಗತಿ ನಿಲ್ಲಿಸಬೇಕೇ ಎಂದು ಪ್ರತಿ ವರ್ಷ ಕೇಳುತ್ತೀರಿ. ನಿಲ್ಲಿಸಬೇಕಾಗಿಲ್ಲ, ಬದಲಿಸಬೇಕು. 2012ರ ಲಂಡನ್ ಒಲಿಂಪಿಕ್ಸ್ ರಮಝಾನ್ ತಿಂಗಳಲ್ಲೇ ನಡೆದು, ಲೋಕದ ಮುಸ್ಲಿಂ ಕ್ರೀಡಾಪಟುಗಳೆಲ್ಲ ಇದೇ ಪ್ರಶ್ನೆಯನ್ನು ಎದುರಿಸಬೇಕಾಯಿತು. ನಮ್ಮಲ್ಲಿ ಉಪವಾಸ ಸುಮಾರು ಹದಿಮೂರು ಗಂಟೆಯದ್ದು. ಆ ತಿಂಗಳು ಹೊಸ ಪಟ್ಟು, ಜೋರಿನ ಕಾಳಗ ಬೇಡ. ಇಫ್ತಾರಿಗೆ ಮುಕ್ಕಾಲು ಗಂಟೆ ಮೊದಲು ಹಗುರವಾದ ಅಭ್ಯಾಸ ಮಾಡಿದರೆ, ಮುಗಿಯುವಷ್ಟರಲ್ಲಿ ನೀರು ಸಿಗುತ್ತದೆ. ಸ್ವಲ್ಪ ಬೆವರು ಬರುವ ಅಭ್ಯಾಸ ತರಾವೀಹ್ ಆದ ಮೇಲಾಗಲಿ.

ಸಹರಿಯನ್ನು ಬಿಡಬೇಡಿ. ರಾಗಿ ಅಂಬಲಿ ಅಥವಾ ರೊಟ್ಟಿ, ಮೊಟ್ಟೆ, ಮೊಸರು, ಬಾಳೆಹಣ್ಣು ಹೊತ್ತು ತಡೆಯುತ್ತವೆ. ಇಫ್ತಾರಿಗೆ ಖರ್ಜೂರ, ನೀರು, ಹಣ್ಣು, ಗಂಜಿ. ನಮಾಝ್ ಮುಗಿಸಿ ಊಟ. ಸಮೋಸ, ಪಕೋಡ, ಬೋಂಡಾಗಳ ಗುಡ್ಡವನ್ನು ಹದಿನೈದು ನಿಮಿಷದಲ್ಲಿ ಕರಗಿಸುವವನು ಉಪವಾಸದ ಪಾಠವನ್ನೂ ಕರಾಟೆಯ ಪಾಠವನ್ನೂ ಒಟ್ಟಿಗೆ ಕಳೆದುಕೊಳ್ಳುತ್ತಾನೆ. ಇಫ್ತಾರಿನಿಂದ ಸಹರಿಯವರೆಗೆ ನೀರನ್ನು ಸ್ವಲ್ಪ ಸ್ವಲ್ಪವಾಗಿ ಕುಡಿಯುತ್ತಿರಿ. ಸಕ್ಕರೆ ಕಾಯಿಲೆ ಮುಂತಾದ ತೊಂದರೆ ಇರುವವರು ವೈದ್ಯರನ್ನು ಕೇಳಿಯೇ ಮುಂದುವರಿಯಬೇಕು. ಕಾಯಿಲೆಯವರಿಗೆ ಧರ್ಮವೇ ರಿಯಾಯಿತಿ ಕೊಟ್ಟಿದೆ.

ತೂಕದ ಹುಚ್ಚು

ಕೊನೆಗೆ ನಾನು ಮೊದಲು ಹೇಳಿದ ಹುಡುಗನ ವಿಷಯ. ಉಪವಾಸ ಬೇರೆ, ತೂಕ ಇಳಿಸಲು ನೀರು ಬಿಟ್ಟು ಬೆವರಿಳಿಸುವುದು ಬೇರೆ. ಇದನ್ನು ಕಲಸಬೇಡಿ. 1997ರ ಕೊನೆಯಲ್ಲಿ ಅಮೆರಿಕದ ಕಾಲೇಜುಗಳ ಮೂವರು ಕುಸ್ತಿಪಟುಗಳು ಹೀಗೆ ತೂಕ ಇಳಿಸಲು ಹೋಗಿ ಒಂದೂವರೆ ತಿಂಗಳೊಳಗೆ ಸತ್ತರು. ಆಮೇಲೆ ಅಲ್ಲಿ ನಿಯಮಗಳೇ ಬದಲಾದವು. 2015ರಲ್ಲಿ ಮನಿಲಾದಲ್ಲಿ ಯಾಂಗ್ ಜಿಯಾನ್‌ಬಿಂಗ್ ಎಂಬ 21 ವರ್ಷದ ಚೀನೀ ಕಾಳಗಪಟು ಪಂದ್ಯದ ಮುಂಚೆಯೇ ತೀರಿಕೊಂಡ. 2024ರ ಆಗಸ್ಟ್ 7ರಂದು ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ನಮ್ಮ ವಿನೇಶ್ ಫೋಗಟ್ ರಾತ್ರಿಯಿಡೀ ಹೆಣಗಿದರೂ 50 ಕಿಲೋ ವಿಭಾಗದಲ್ಲಿ 100 ಗ್ರಾಂ ಹೆಚ್ಚಾಗಿ ಫೈನಲಿನಿಂದ ಹೊರಬಿದ್ದದ್ದನ್ನು ದೇಶವೇ ನೋಡಿತು. ವೈದ್ಯರು, ತರಬೇತುದಾರರು ಸುತ್ತ ಇದ್ದವರ ಗತಿಯೇ ಹೀಗೆ. ಹದಿನಾಲ್ಕರ ಹುಡುಗನಿಗೆ ಮಳೆಕೋಟು ಹಾಕಿಸಿದ ನನ್ನಂಥವನನ್ನು ಏನೆನ್ನಬೇಕು?

ಬೆಳೆಯುವ ಮಗುವಿನ ತೂಕ ಹೆಚ್ಚಾಗಲೇಬೇಕು. ಅದು ಬೆಳೆದಷ್ಟು ವಿಭಾಗವನ್ನು ಬದಲಿಸಬೇಕೇ ವಿನಾ ವಿಭಾಗಕ್ಕಾಗಿ ಮಗುವನ್ನು ಕುಗ್ಗಿಸಬಾರದು. ದೊಡ್ಡವರಲ್ಲಿ ನಿಜವಾಗಿ ಬೊಜ್ಜಿದ್ದರೆ ತಿಂಗಳುಗಟ್ಟಲೆ ನಿಧಾನವಾಗಿ, ವಾರಕ್ಕೆ ಅರ್ಧ ಕಿಲೋದಂತೆ ಇಳಿಸಲಿ.

ಸಂಘಕ್ಕೆ ನನ್ನ ಮೂರು ವಿನಂತಿಗಳಿವೆ. ಒಂದು, ನಮ್ಮ ಹೆಸರಿನಲ್ಲಿ ಪಂದ್ಯಕ್ಕೆ ಹೋಗುವ ಯಾವ ಮಗುವಿನ ಊಟ, ನೀರನ್ನೂ ತೂಕಕ್ಕಾಗಿ ಬಿಡಿಸಬಾರದು ಎಂದು ನಿರ್ಣಯ ಮಾಡಿ. ಅದು ಮೊದಲು ನನಗೇ ಅನ್ವಯಿಸಲಿ. ಎರಡು, ವರ್ಷಕ್ಕೊಮ್ಮೆ ವಿದ್ಯಾರ್ಥಿಗಳ, ವಿಶೇಷವಾಗಿ ಹೆಣ್ಣುಮಕ್ಕಳ ರಕ್ತ ಪರೀಕ್ಷೆಯ ಶಿಬಿರ ಇಡಿ. ಮೂರು, ತರಗತಿಯ ದಿನ ಸಂಜೆ ಪ್ರತಿ ಮಗುವಿಗೂ ಒಂದು ಬಾಳೆಹಣ್ಣು, ಒಂದು ಹಿಡಿ ಕಡಲೆಬೀಜ ಮತ್ತು ಬೆಲ್ಲ ಕೊಡಿ. ಟ್ರೋಫಿಗೆ ಖರ್ಚು ಮಾಡುವ ಹಣದಲ್ಲಿ ಅರ್ಧ ಸಾಕು. ಯಾರ ಮನೆಯಲ್ಲಿ ಇದೆ, ಯಾರ ಮನೆಯಲ್ಲಿ ಇಲ್ಲ ಎಂಬುದು ಆಗ ಯಾರಿಗೂ ತಿಳಿಯುವುದಿಲ್ಲ.

ವಿದ್ಯಾರ್ಥಿಗಳೇ, ಬಲಶಾಲಿಯಾದ ವಿಶ್ವಾಸಿ ಅಲ್ಲಾಹನಿಗೆ ಹೆಚ್ಚು ಪ್ರಿಯನೆಂದು ಕಲಿತಿದ್ದೇವೆ. ಎದುರಾಳಿಯನ್ನು ಕೆಡವುವವನಿಗಿಂತ ಸಿಟ್ಟು ಬಂದಾಗ ತನ್ನನ್ನು ತಾನು ಹಿಡಿದುಕೊಳ್ಳುವವನೇ ಬಲಶಾಲಿ ಎಂದೂ ಕಲಿತಿದ್ದೇವೆ. ಅದಕ್ಕೆ ಇನ್ನೊಂದನ್ನು ಸೇರಿಸಿಕೊಳ್ಳಿ. ತಟ್ಟೆಯ ಮುಂದೆ ಕುಳಿತಾಗಲೂ ತನ್ನನ್ನು ಹಿಡಿದುಕೊಳ್ಳುವುದು ಅದೇ ವಿದ್ಯೆಯ ಭಾಗ. ಎಷ್ಟು ಬೇಕೋ ಅಷ್ಟು ಉಣ್ಣಿ, ಉಂಡಷ್ಟು ದುಡಿಯಿರಿ, ದುಡಿದಷ್ಟು ನಿದ್ರೆ ಮಾಡಿ.

ಆ ತಾಯಿ ಈ ಸಭೆಯಲ್ಲೇ ಕುಳಿತಿದ್ದಾರೆ. ಅವರಿಗೆ ನನ್ನ ಉತ್ತರ ಇದು: ಅಮ್ಮಾ, ನಿಮ್ಮ ಮನೆ ಊಟ ಸಾಲುತ್ತದೆ. ಸಾರಿನಲ್ಲಿ ಕಾಳು ಸ್ವಲ್ಪ ಹೆಚ್ಚಿರಲಿ. ನಿಮ್ಮ ತಟ್ಟೆಯಲ್ಲೂ ಅದು ಇರಲಿ.

ಅಲ್ಲಾಹನು ನಮ್ಮೆಲ್ಲರಿಗೂ ಆರೋಗ್ಯವನ್ನೂ ಅದನ್ನು ಒಳ್ಳೆಯದಕ್ಕೆ ಬಳಸುವ ಬುದ್ಧಿಯನ್ನೂ ಕರುಣಿಸಲಿ. ಆಮೀನ್.